ಬೆವರಿನ ಸೀಸೆ, ಉಸಿರಿನ ಬಣ್ಣ

ಇಬ್ಬನಿ ಉಸಿರು ಬಿಟ್ಟಳು. ಎದುರಿನ ಗಾಜಿನಲ್ಲಿ ಅದು ಅರಿಶಿನದ ಬಣ್ಣದಲ್ಲಿ ಕಾಣಿಸಿತು.

ಮೊದಲು ತುಟಿಯ ಮುಂದೆ ಒಂದು ತೆಳ್ಳನೆಯ ಎಳೆ. ಆಮೇಲೆ ಅದು ಅಗಲವಾಗಿ, ಅವಳ ಕೆನ್ನೆ ಸವರಿಕೊಂಡು ಮೇಲೇರಿ, ಕಿಟಕಿಯ ಕಡೆ ನಿಧಾನವಾಗಿ ತೇಲಿಹೋಯಿತು. ಅದು ಕರಗುವಷ್ಟರಲ್ಲಿ ಇನ್ನೊಂದು ಬಂತು. ಹತ್ತೊಂಬತ್ತು ವರ್ಷದ ಹುಡುಗಿ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡು, ಗಾಜಿನೊಳಗಿನ ತನ್ನನ್ನೇ ನೋಡುತ್ತಿದ್ದಳು.

"ಇದು ನಂದಾ ಮೇಡಂ?"

"ನಿಂದೇ ಕಣಮ್ಮ," ಎಂದರು ಡಾಕ್ಟರ್ ಹಂಸಿನಿ. "ಹೊಗೆ ಅಲ್ಲ, ಆವಿ ಅಲ್ಲ. ನಿನ್ನ ಮೈಯ ಕೊಬ್ಬು. ಈಗ ತಾನೇ ಗಾಳಿ ಆಗಿ ಹೊರಟಿದೆ."

ಇದು ನಡೆದದ್ದು 2058ರ ಅಕ್ಟೋಬರಿನಲ್ಲಿ, ತುಮಕೂರಿನ ಹೊರವಲಯದ ಒಂದು ಪುಟ್ಟ ಪ್ರಯೋಗಾಲಯದಲ್ಲಿ. ಆಳೆತ್ತರದ ಆ ಗಾಜಿಗೆ ಹಂಸಿನಿ ಇಟ್ಟ ಹೆಸರು ಉದ್ದವಾಗಿತ್ತು. ನೋಡಿದವರೆಲ್ಲ ಉಸಿರುಗನ್ನಡಿ ಎಂದು ಕರೆದರು, ಅದೇ ನಿಂತಿತು. ಅದರ ಗುಟ್ಟು ಬಹಳ ದೊಡ್ಡದೇನಲ್ಲ. ನಾವು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಇಂಗಾಲ ಎರಡು ಬಗೆಯದಿರುತ್ತದೆ, ಒಂದು ಹಗುರ, ಒಂದು ಕೂದಲೆಳೆಯಷ್ಟು ಭಾರ. ದೇಹ ಕೊಬ್ಬು ಕಟ್ಟುವಾಗ ಹಗುರವಾದದ್ದನ್ನೇ ತುಸು ಹೆಚ್ಚಾಗಿ ಆರಿಸಿಕೊಳ್ಳುತ್ತದೆ. ಹಾಗಾಗಿ ಕೊಬ್ಬು ಉರಿದು ಬಂದ ಉಸಿರಿಗೂ ಬೆಳಗಿನ ಇಡ್ಲಿ ಉರಿದು ಬಂದ ಉಸಿರಿಗೂ ಒಂದಿಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಹಂಸಿನಿಯ ಗಾಜು ಆ ವ್ಯತ್ಯಾಸವನ್ನು ಹಿಡಿದು ಕೊಬ್ಬಿನದಕ್ಕೆ ಹಳದಿ, ಊಟದ್ದಕ್ಕೆ ನೀಲಿ ಬಣ್ಣ ತುಂಬುತ್ತಿತ್ತು. ಇಬ್ಬನಿ ಅವತ್ತು ಬರಿಹೊಟ್ಟೆಯಲ್ಲಿ ಬಂದಿದ್ದಳು.

ಅವರು ಇದನ್ನು ಮಾಡಿದ್ದು ದಪ್ಪಗಿದ್ದವರಿಗಾಗಿ ಅಲ್ಲವೇ ಅಲ್ಲ. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಹಾಲು ಸಾಲುತ್ತಿದೆಯೋ ಇಲ್ಲವೋ ತಿಳಿಯಲು ಮಾಡಿದ್ದು. ಮೊದಲ ದಿನ ಗಾಜಿನ ಹಿಂದೆ ಮಲಗಿದ್ದು ಒಂದೂವರೆ ಕಿಲೋ ತೂಕದ ಒಂದು ಹೆಣ್ಣುಮಗು. ಗಾಢ ನಿದ್ದೆ. ಹೆಬ್ಬೆರಳಿನಷ್ಟಿದ್ದ ಆ ಬಾಯಿಂದ ಹಳದಿ ಎಳೆ ಏಳುವುದನ್ನು ಕಂಡ ಹಂಸಿನಿ, ಇಪ್ಪತ್ತೈದು ವರ್ಷ ಪಾಠ ಮಾಡಿದ್ದ ವಿಜ್ಞಾನಿ, ಬಾಯಿಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ನಿಂತುಬಿಟ್ಟಿದ್ದರು. ಪುಸ್ತಕದಲ್ಲಿ ಓದಿದ್ದೇ ಅದು. ಆದರೂ ಕಣ್ಣಿಗೆ ಕಂಡದ್ದೇ ಬೇರೆ.

ಈ ಹೊತ್ತು ಬಾಗಿಲ ಬಳಿ ನಿಂತು ನೋಡುತ್ತಿದ್ದವಳು ಇಬ್ಬನಿಯ ತಾಯಿ ಸ್ಫೂರ್ತಿ. ಹೆಗಲ ಚೀಲವನ್ನು ಎದೆಗೆ ಅವುಚಿಕೊಂಡಿದ್ದಳು. ಚೀಲದಲ್ಲಿ ಒಂದು ಗಾಜಿನ ಸೀಸೆ ಇತ್ತು.

ಸೀಸೆಯ ಕತೆ ಹೇಳಬೇಕೆಂದರೆ ಬೆವರುಮನೆಯ ಕತೆ ಹೇಳಬೇಕು. ಆ ಕಾಲಕ್ಕೆ ಊರಿಗೊಂದು ಬೆವರುಮನೆ ಇತ್ತು, ತುಮಕೂರಿಗೆ ನಾಲ್ಕು, ಎಲ್ಲವೂ ಒಂದೇ ಕಂಪನಿಯ ಶಾಖೆಗಳು. ಕತ್ತಿನಿಂದ ಪಾದದವರೆಗೆ ಮೈಗೆ ಅಂಟುವಂಥ ರಬ್ಬರಿನ ಅಂಗಿ ತೊಡಿಸಿ, ಬಿಸಿ ಕೋಣೆಯಲ್ಲಿ ಮುಕ್ಕಾಲು ಗಂಟೆ ನಡೆಸುತ್ತಿದ್ದರು. ಅಂಗಿಯ ಹಿಮ್ಮಡಿಯಲ್ಲಿದ್ದ ನಳಿಕೆಯಿಂದ ಬೆವರೆಲ್ಲ ಇಳಿದು ಸೀಸೆಗೆ ಬೀಳುತ್ತಿತ್ತು. ಸೀಸೆಗೆ ಹೆಸರಿನ ಚೀಟಿ ಅಂಟಿಸಿ ಗೋಡೆಯ ಕಪಾಟಿನಲ್ಲಿ ಇಟ್ಟರೆ, ಮುಗಿಯಿತು, ಮನುಷ್ಯನಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? "ನಿಮ್ಮ ಬೊಜ್ಜು ಇಲ್ಲಿದೆ ನೋಡಿ" ಎಂದು ಗೋಡೆಯ ಮೇಲೆ ಬರೆದಿತ್ತು. ಜನ ತಮ್ಮ ಸೀಸೆಯನ್ನು ಪಕ್ಕದವರ ಸೀಸೆಯೊಡನೆ ಹೋಲಿಸಿ ಬೀಗುತ್ತಿದ್ದರು. ಆಯುಧಪೂಜೆಯ ದಿನ ತೂಕದ ಯಂತ್ರಕ್ಕೆ ಹೂವು, ಸೀಸೆಗಳಿಗೆ ಸಾಲಾಗಿ ಕುಂಕುಮ. ನಗಬೇಡಿ, ಮಂಗಳಾರತಿಯೂ ಆಗುತ್ತಿತ್ತು.

ನಿಯಮ ಒಂದೇ: ಬೆವರಿಳಿದ ಮೇಲೆ ಮೂರು ಗಂಟೆ ನೀರು ಮುಟ್ಟಬಾರದು. ಮುಟ್ಟಿದರೆ ಕರಗಿದ್ದೆಲ್ಲ ವಾಪಸು. ತೂಕದ ಯಂತ್ರವೂ ಹಾಗೇ ಹೇಳುತ್ತಿತ್ತು, ಅರ್ಧ ಲೀಟರ್ ಕುಡಿದರೆ ಅರ್ಧ ಕಿಲೋ ಏರಿಸಿ ತೋರಿಸುತ್ತಿತ್ತು.

ಸ್ಫೂರ್ತಿ ಇಪ್ಪತ್ತು ವರ್ಷದಿಂದ ಅಂಥದೊಂದು ಬೆವರುಮನೆ ನಡೆಸುತ್ತಿದ್ದಳು. ಮೋಸಗಾತಿ ಅಲ್ಲ, ತಾನು ಹೇಳಿದ್ದನ್ನು ತಾನೇ ನಂಬಿದವಳು. ಮಗಳು ಆ ಕಪಾಟಿನ ಕೆಳಗೇ ಆಡಿ ಬೆಳೆದಳು. ಮೂರು ಗಂಟೆಯ ನಿಯಮವನ್ನು ಹುಡುಗಿ ಆರಕ್ಕೆ ಏರಿಸಿದಳು, ಆಮೇಲೆ ಇಡೀ ದಿನಕ್ಕೆ. ಕಾಲೇಜಿನ ಮೆಟ್ಟಿಲ ಮೇಲೆ ಎರಡು ಸಲ ತಲೆ ತಿರುಗಿ ಬಿದ್ದಳು. ಆಸ್ಪತ್ರೆಯ ವೈದ್ಯರು ಮೂತ್ರಪಿಂಡ ಸೊರಗುತ್ತಿದೆ ಎಂದರು. ಹೀಗೇ ಬಿಟ್ಟರೆ ಇಪ್ಪತ್ತೈದು ತುಂಬುವುದರೊಳಗೆ ರಕ್ತ ಶುದ್ಧಿಗೆ ಯಂತ್ರದ ಮೊರೆ ಹೋಗಬೇಕಾಗುತ್ತದೆ ಎಂದೂ ಹೇಳಿದರು. ನರಕ್ಕೆ ನೀರು ಏರಿಸಿ ಕಳಿಸಿದರೆ, ಮನೆಗೆ ಬಂದವಳೇ ತೂಕದ ಯಂತ್ರ ಹತ್ತಿ, ಎರಡು ಕಿಲೋ ಏರಿದ್ದನ್ನು ಕಂಡು ನೆಲಕ್ಕೆ ಕುಸಿದು ಅತ್ತಳು.

ಈಗ ಸ್ಫೂರ್ತಿ ದಿನವಿಡೀ ನೀರಿನ ಲೋಟ ಹಿಡಿದು ಮಗಳ ಹಿಂದೆ ಸುತ್ತುತ್ತಿದ್ದಳು. ಅಮ್ಮನ ಇಪ್ಪತ್ತು ವರ್ಷದ ಮಾತನ್ನು ನಂಬಿದ ಮಗಳು ಮೂರು ವಾರದ ಮಾತನ್ನು ನಂಬಲಿಲ್ಲ. ಬೇರೆ ದಾರಿ ಕಾಣದೆ ವೈದ್ಯರೇ ಅವರನ್ನು ಹಂಸಿನಿಯ ಬಳಿಗೆ ಕಳಿಸಿದ್ದರು.

"ಹಾಗಾದ್ರೆ ಇದರಲ್ಲಿ ಏನಿದೆ ಮೇಡಂ?" ಸ್ಫೂರ್ತಿ ಒಳಗೆ ಬಂದು ಕೇಳಿದಳು. ಚೀಲದಿಂದ ಸೀಸೆ ತೆಗೆದು ಮೇಜಿನ ಮೇಲಿಟ್ಟಳು. 'ಇಬ್ಬನಿ' ಎಂಬ ಚೀಟಿ. ಅದರ ಮೇಲೆ ಹೋದ ವಾರದ ಕುಂಕುಮ ಇನ್ನೂ ಇತ್ತು. "ನಿಮ್ಮ ಗಾಜು ಏನ್ ಬೇಕಾದ್ರೂ ತೋರಿಸಬಹುದು, ನಿಮ್ಮದೇ ಬಣ್ಣ. ಇದು ನಾನು ಕೈಯಾರೆ ಹಿಡಿದಿದ್ದು."

ಹಂಸಿನಿಗೆ ಕೋಪ ಬರಲಿಲ್ಲ. ಪ್ರಶ್ನೆ ನ್ಯಾಯವಾಗಿಯೇ ಇತ್ತು. ಅವರು ಮೂಲೆಯಲ್ಲಿದ್ದ ಒಲೆ ಹಚ್ಚಿ, ಚಹಾ ಕಾಸುವ ಸಣ್ಣ ಪಾತ್ರೆಯನ್ನು ಉಜ್ಜಿ ತೊಳೆದು ಒರೆಸಿ ಇಟ್ಟು, "ಸುರೀರಿ" ಎಂದರು.

ಸ್ಫೂರ್ತಿ ಸುರಿದಳು. ಕುದಿಯಿತು. ಗಾಜಿನಲ್ಲಿ ಇಬ್ಬನಿಯ ಹಳದಿ ಉಸಿರು ತನ್ನ ಪಾಡಿಗೆ ತಾನು ಬಂದುಹೋಗುತ್ತಿತ್ತು. ಕಾಲು ಗಂಟೆಯಲ್ಲಿ ಪಾತ್ರೆ ಒಣಗಿತು. ತಳದಲ್ಲಿ ಉಳಿದದ್ದು ಬಿಳಿಯ ಒಂದು ಪೊರೆ. ಸ್ಫೂರ್ತಿ ಅದು ಆರುವವರೆಗೂ ಕಾಯದೆ ಬೆರಳಲ್ಲಿ ಗೀರಿ ನಾಲಿಗೆಗೆ ಮುಟ್ಟಿಸಿಕೊಂಡಳು.

"ಉಪ್ಪು."

"ಉಪ್ಪೇ."

"ಕೊಬ್ಬು?"

"ಕೊಬ್ಬಿದ್ದಿದ್ರೆ ಪಾತ್ರೆಗೆ ಜಿಡ್ಡು ಹಿಡೀತಿತ್ತು. ದಿನಾ ಅಡುಗೆ ಮಾಡೋರು ನೀವು, ನಿಮಗೆ ನಾನು ಹೇಳಬೇಕಾ?"

ಸ್ಫೂರ್ತಿ ಪಾತ್ರೆಯ ತಳವನ್ನು ಹೆಬ್ಬೆರಳಲ್ಲಿ ಒರೆಸಿ ನೋಡಿದಳು. ಇನ್ನೊಮ್ಮೆ ಒರೆಸಿದಳು. ಜಿಡ್ಡಿನ ಸುಳಿವೂ ಇರಲಿಲ್ಲ. ಬೆವರುಮನೆಯ ನಾನೂರು ಸೀಸೆಗಳ ಕಪಾಟು ಅವಳ ಕಣ್ಣ ಮುಂದೆ ಬಂತು.

ಹಂಸಿನಿ ನಿಧಾನವಾಗಿ ಹೇಳಿದರು. ಬೆವರು ಮೈಯನ್ನು ತಂಪು ಮಾಡುವ ನೀರು, ಅಷ್ಟೇ. ಹತ್ತು ಕಿಲೋ ಕೊಬ್ಬು ಕರಗಿದರೆ ಎಂಟು ಕಿಲೋಗೂ ಮಿಕ್ಕಿ ಉಸಿರಿನಲ್ಲಿ ಗಾಳಿಯಾಗಿ ಹೋಗುತ್ತದೆ, ಉಳಿದ ಸ್ವಲ್ಪ ನೀರಾಗುತ್ತದೆ. ಕೂತಾಗ, ನಿಂತಾಗ, ನಿದ್ದೆ ಮಾಡುವಾಗ. ನಡೆದರೆ ಸ್ವಲ್ಪ ಜಾಸ್ತಿ, ನಿಜ. ಆದರೆ ಯಾರೂ ನೋಡದಿದ್ದಾಗಲೂ ದೇಹ ತನ್ನ ಕೆಲಸ ಮಾಡುತ್ತಲೇ ಇರುತ್ತದೆ.

"ಎಲ್ಲಿಗೆ ಹೋಗುತ್ತೆ ಮೇಡಂ ಅದು?" ಕೇಳಿದ್ದು ಇಬ್ಬನಿ.

ಹಂಸಿನಿ ಕಿಟಕಿಯ ಕಡೆ ಕೈ ತೋರಿಸಿದರು. ಹೊರಗೆ ಕುಂಡದಲ್ಲಿ ಒಂದು ಕರಿಬೇವಿನ ಗಿಡ ಸೊಂಪಾಗಿ ಬೆಳೆದಿತ್ತು. "ಬಿಸಿಲಿದ್ದಾಗ ಅದು ಸ್ವಲ್ಪ ತಗೊಳ್ಳುತ್ತೆ, ಆಚೆ ಬೇವಿನ ಮರ ಸ್ವಲ್ಪ. ಉಳಿದದ್ದು ಊರ ಮೇಲೆ ಹೋಗುತ್ತೆ. ಆ ಎಲೇಲಿ ಈ ಕುರ್ಚಿ ಮೇಲೆ ಕೂತೋರೆಲ್ಲ ಚೂರುಚೂರು ಇದ್ದಾರೆ. ನಾನೂ ಇದ್ದೀನಿ."

ಇಬ್ಬನಿ ಗಿಡವನ್ನು ನೋಡಿದಳು. ಇಷ್ಟು ವರ್ಷ ಶತ್ರುವಿನಂತೆ ಹೊತ್ತು ತಿರುಗಿದ್ದ ತನ್ನ ಸೊಂಟ, ತೊಡೆ, ಕೆನ್ನೆ ಒಂದು ಎಲೆಯ ಹಸಿರಾಗಬಲ್ಲದು ಎಂಬುದು ಅವಳಿಗೆ ನಂಬಲಾಗದಷ್ಟು ದೊಡ್ಡದಾಗಿ ಕಂಡಿತು. ಮತ್ತೆ ಗಾಜಿನ ಕಡೆ ತಿರುಗಿ ಕೇಳಿದಳು: "ಈಗ ನೀರು ಕುಡಿದ್ರೆ... ಇದು ನಿಂತುಹೋಗುತ್ತಾ?"

"ನಾನು ಹೇಳಿದ್ರೆ ನಂಬ್ತೀಯಾ? ಕುಡಿದು ನೋಡು."

ಸ್ಫೂರ್ತಿ ಲೋಟ ತುಂಬಿಸಿ ತಂದಳು.

"ಕುಡಿ ಮಗಾ."

"ನೀನೇ ಬೇಡ ಅಂದಿದ್ದೆ ಅಮ್ಮ."

"ಹೂಂ. ನಾನೇ ಅಂದಿದ್ದೆ." ಸ್ಫೂರ್ತಿ ಲೋಟವನ್ನು ಇನ್ನಷ್ಟು ಮುಂದೆ ಚಾಚಿದಳು. "ತಪ್ಪು ಹೇಳಿದ್ದೆ ಕಣೇ. ನನಗೆ ಗೊತ್ತಿರಲಿಲ್ಲ."

ಇಬ್ಬನಿ ಲೋಟ ತೆಗೆದುಕೊಂಡಳು. ಗಾಜಿನ ಮೇಲಿನ ಕಣ್ಣು ಕೀಳದೆ ಒಂದು ಗುಟುಕು ಕುಡಿದು ಉಸಿರು ಬಿಟ್ಟಳು. ಹಳದಿ. ಇನ್ನೊಂದು ಗುಟುಕು. ಹಳದಿ. ಅರ್ಧ ಲೋಟಕ್ಕೆ ಬಂದಾಗ ಅವಳು ಅಳತೊಡಗಿದಳು. ಬಿಕ್ಕಳಿಕೆಯ ಉಸಿರು ತುಂಡುತುಂಡಾಗಿ ಹೊರಬಂತು, ಪ್ರತಿ ತುಂಡೂ ಹಳದಿಯೇ. ಅದನ್ನು ಕಂಡು ಅಳುವಿನ ನಡುವೆಯೇ ನಗು ಬಂದುಬಿಟ್ಟಿತು. ಲೋಟ ಖಾಲಿಯಾಯಿತು. "ಇನ್ನೊಂದು ಕೊಡಮ್ಮ" ಎಂದಳು.

ಸುದ್ದಿ ಹರಡಲು ಬಹಳ ದಿನ ಹಿಡಿಯಲಿಲ್ಲ. ಉಸಿರುಗನ್ನಡಿಗಳು ಜಿಲ್ಲಾ ಆಸ್ಪತ್ರೆಗಳಿಗೆ ಬಂದವು, ಆಮೇಲೆ ಶಾಲೆಗಳಿಗೆ. ಬೆವರುಮನೆಗಳು ಬಾಗಿಲು ಹಾಕುತ್ತವೆ ಎಂದು ಹಂಸಿನಿ ತಿಳಿದಿದ್ದರು. ಪಾಪ, ವಿಜ್ಞಾನಿ! ಎರಡೇ ತಿಂಗಳಲ್ಲಿ ಮುಖ್ಯ ಕಚೇರಿಯಿಂದ ಎಲ್ಲ ಶಾಖೆಗಳಿಗೂ ಸುತ್ತೋಲೆ ಬಂತು: ಇನ್ನು ಮುಂದೆ ನಮ್ಮ ಹೆಸರು ಉಸಿರುಮನೆ. ಕೊಬ್ಬು ಉಸಿರಿನಲ್ಲಿ ಹೋಗುವುದು ಸಾಬೀತಾಗಿರುವುದರಿಂದ, ನಿಮಿಷಕ್ಕೆ ಅರವತ್ತು ಸಲ ಉಸಿರು ಬಿಡುವ ತರಬೇತಿ ಶುರು ಮಾಡತಕ್ಕದ್ದು.

ಸ್ಫೂರ್ತಿಯ ಹಳೆಯ ಗಿರಾಕಿ, ನಿವೃತ್ತ ಉಪನ್ಯಾಸಕ ಗಂಗಾಧರಪ್ಪ, ಅದನ್ನು ಕೇಳಿದ್ದೇ ತಡ ಅವಳನ್ನೂ ಕರೆದುಕೊಂಡು ಪ್ರಯೋಗಾಲಯಕ್ಕೇ ಬಂದು ಗಾಜಿನ ಮುಂದೆ ಕೂತು ಬುಸುಬುಸು ಉಸಿರು ಬಿಟ್ಟರು. ಮೊದಲೆರಡು ನಿಮಿಷ ಹಳದಿ ದಟ್ಟವಾಯಿತು. ಅವರು ಗೆದ್ದವರಂತೆ ಸ್ಫೂರ್ತಿಯ ಮುಖ ನೋಡಿದರು. ಆಮೇಲೆ ಬಣ್ಣ ತೆಳುವಾಗುತ್ತ ಹೋಯಿತು, ಬೆರಳ ತುದಿ ಜುಮುಗುಟ್ಟಿತು, ತಲೆ ಗಿರ್ರೆಂದು ಅವರು ಕುರ್ಚಿಗೆ ಒರಗಿದರು.

"ಸಾರ್, ಚರಂಡಿ ಅಗಲ ಮಾಡಿದ್ರೆ ಮಳೆ ಜಾಸ್ತಿ ಬರುತ್ತಾ?" ಎಂದರು ಹಂಸಿನಿ, ಅವರ ಬೆನ್ನು ನೀವುತ್ತ. "ಒಳಗೆ ಎಷ್ಟು ಉರಿಯುತ್ತೋ ಅಷ್ಟೇ ಹೊರಗೆ ಬರೋದು. ಅವಸರ ಮಾಡಬೇಡಿ."

ಆ ಸಂಜೆ ಸ್ಫೂರ್ತಿ ಸುತ್ತೋಲೆಯನ್ನು ಹರಿದು, ಬೆವರುಮನೆಯ ಫಲಕ ಇಳಿಸಿದಳು. ನಡಿಗೆಯ ಯಂತ್ರಗಳನ್ನು ಇಟ್ಟುಕೊಂಡಳು, ಬಿಸಿ ಕೋಣೆಯ ಗೋಡೆ ಒಡೆಸಿ ಕಿಟಕಿ ಇಡಿಸಿದಳು. ಅರ್ಧಕ್ಕರ್ಧ ಜನ ಬಿಟ್ಟುಹೋದರು. ಕೈಗೆ ಸಿಗುವ ಸಾಕ್ಷಿ ಇಲ್ಲದ ಕಡೆ ಅವರಿಗೆ ಮನಸ್ಸು ನಿಲ್ಲಲಿಲ್ಲ. ಉಳಿದವರು ಬಂದು ನಡೆದು, ಹರಟಿ ಹೋಗುತ್ತಿದ್ದರು. ಸೀಸೆಗಳನ್ನು ಅವಳು ಎಸೆಯಲಿಲ್ಲ. ನಾನೂರನ್ನೂ ಸೋಡಾಪುಡಿ ಹಾಕಿ ಕುದಿಸಿ ತೊಳೆದು, ಅದೇ ಹೆಸರಿನ ಚೀಟಿ ಅಂಟಿಸಿ, ಕುಡಿಯುವ ನೀರು ತುಂಬಿಟ್ಟಳು. ಮುಂದಿನ ಆಯುಧಪೂಜೆಗೆ ಕುಂಕುಮ ಬಿದ್ದದ್ದು ನೀರಿನ ಸೀಸೆಗಳಿಗೆ.

ಹಬ್ಬದ ಮಾರನೆಯ ದಿನ ತಾಯಿ ಮಗಳು ಹಂಸಿನಿಗೆ ಚಿತ್ರಾನ್ನ ತಂದರು. ಇಬ್ಬನಿಯ ಮೂತ್ರಪಿಂಡ ಚೇತರಿಸಿಕೊಂಡಿತ್ತು. ಮೈ ಒಂದಿಷ್ಟು ತುಂಬಿತ್ತು, ಅವಳಿಗೆ ಅದರ ಚಿಂತೆ ಇದ್ದಂತೆ ಕಾಣಲಿಲ್ಲ. ಒಗ್ಗರಣೆಗೆ ಈ ಕಿಟಕಿಯ ಕರಿಬೇವೇ ಬಿದ್ದಿತ್ತು. ಹೋದ ವಾರ ಬಂದಿದ್ದಾಗ ಅವಳೇ ಕಿತ್ತುಕೊಂಡು ಹೋಗಿದ್ದಳು.

ಅವತ್ತು ಮೊದಲ ಸಲ ಸ್ಫೂರ್ತಿ ತಾನೇ ಕುರ್ಚಿಯಲ್ಲಿ ಕೂತಳು. ತನ್ನ ಹಳದಿ ಉಸಿರು ಏಳುವುದನ್ನು ನೋಡುತ್ತ ನೋಡುತ್ತ ಅವಳ ಮುಖ ಚಿಕ್ಕದಾಯಿತು.

"ನಮ್ಮಮ್ಮನ್ನ ಇಲ್ಲಿ ಕೂರಿಸಬೇಕಿತ್ತು ಮೇಡಂ," ಎಂದಳು. "ನನಗಾಗ ಹತ್ತು ವರ್ಷ, ಈಗ ನಲವತ್ತನಾಲ್ಕು. ಫೋನಲ್ಲಿ ಯಾರೋ ಹೇಳಿದ್ರು ಅಂತ ಅಮ್ಮ ಹೊಟ್ಟೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು, ಮೇಲೆ ಬೆಲ್ಟ್ ಬಿಗಿದು, ಏಪ್ರಿಲ್ ತಿಂಗಳ ಮಧ್ಯಾಹ್ನ ತಾರಸಿ ಮೇಲೆ ನಡೀತಿದ್ಲು. ತುಟಿ ಒಣಗಿ ಬಿರಿದಿತ್ತು. ನಾನು ಲೋಟದಲ್ಲಿ ನೀರು ತಗೊಂಡು ಹೋದೆ. ಬೇಡ ಪುಟ್ಟಿ, ಕುಡಿದ್ರೆ ಕರಗಿದ್ದೆಲ್ಲ ವಾಪಸ್ ಬರುತ್ತೆ ಅಂದ್ಲು. ನಾನು ನಂಬಿದೆ. ಆ ನೀರನ್ನ ಗಿಡದ ಪಾಟಿಗೆ ಸುರಿದುಬಿಟ್ಟೆ."

ಇಬ್ಬನಿ ಅಮ್ಮನ ಭುಜದ ಮೇಲೆ ಕೈಯಿಟ್ಟಳು. ಹಂಸಿನಿ ಲೆಕ್ಕ ಹಾಕಿದರು: 2025ರ ಏಪ್ರಿಲ್. ಉಸಿರುಗನ್ನಡಿ ಹುಟ್ಟಲು ಇನ್ನೂ ಮೂವತ್ತಮೂರು ವರ್ಷ ಬಾಕಿ. ಆದರೆ ಆ ತಾರಸಿಯ ಮೇಲೆ, ಒಣಗಿದ ಆ ತುಟಿಗಳ ನಡುವಿನಿಂದ, ಇದೇ ಉಸಿರು ಬಟ್ಟೆ ಹರವಿದ ತಂತಿಗಳನ್ನು ದಾಟಿ ಪಕ್ಕದ ಮನೆಯ ಮರದ ಕಡೆ ತೇಲಿಹೋಗುತ್ತಲೇ ಇತ್ತು. ಕರಗಿದ್ದು ವಾಪಸು ಬರುವುದು ಸಾಧ್ಯವೇ ಇರಲಿಲ್ಲ. ಅದು ಆಗಲೇ ಎಲೆ ಸೇರಿತ್ತು.

ಆ ಹೆಂಗಸು ನಡೆಯುತ್ತಲೇ ಇದ್ದಳು. ಹತ್ತು ವರ್ಷದ ಹುಡುಗಿ ತುಂಬಿದ ಲೋಟ ಹಿಡಿದು ಬಿಸಿಲಲ್ಲಿ ನಿಂತಿದ್ದಳು.