ಸ್ತಮಾತಾ ಹೆರದ ಮಗಳು

“ಅಯ್ಯೋ, ಒಳ್ಳೆ ಮೊಟ್ಟೇನ ಯಾಕೆ ಚೆಲ್ಲಿದ್ಯೇ ಹುಡುಗಿ?”

ನೆರೆಮನೆಯ ಪೊಲಿಕ್ಸೇನಿಯ ಮಾತಿಗೆ, ಹಿಟ್ಟು ನಾದುತ್ತಿದ್ದ ಸ್ತಮಾತಾಳ ಕೈ ನಿಂತಿತು. ಈಸ್ಟರ್ ಹಬ್ಬದ ರೊಟ್ಟಿಗೆಂದು ಏಳು ವರ್ಷದ ವಾಸೋ ಮೊಟ್ಟೆ ಒಡೆಯುತ್ತಿದ್ದಳು. ಒಂದೊಂದನ್ನೂ ಮೊದಲು ಗಾಜಿನ ಲೋಟಕ್ಕೆ ಒಡೆದು, ಬೆಳಕಿಗೆ ಹಿಡಿದು ನೋಡಿ, ಆಮೇಲೆ ಬೋಗುಣಿಗೆ ಸುರಿಯುತ್ತಿದ್ದಳು. ಒಂದರಲ್ಲಿ ರಕ್ತದ ಚುಕ್ಕೆ ಕಂಡಿತು, ಹೊರಗೆ ಚೆಲ್ಲಿದಳು. ಸಲೋನಿಕಾ ಪಟ್ಟಣದಲ್ಲಿ ಹೆತ್ತ ತಾಯಿ ಕಲಿಸಿದ್ದು ಅದು, ರಕ್ತ ಬೆರೆತದ್ದನ್ನು ತಿನ್ನಬಾರದೆಂಬ ಯಹೂದಿಗಳ ನೇಮ. ಕಳೆದ ವರ್ಷ ಜರ್ಮನರು ಆಕೆಯನ್ನು ಉಳಿದ ಯಹೂದಿಗಳ ಜೊತೆ ರೈಲಿಗೆ ತುಂಬುವ ಮುಂಚೆ, ಹಿಂದೆ ತನ್ನ ಮನೆಗೆಲಸಕ್ಕಿದ್ದ ಸ್ತಮಾತಾಳ ಮಡಿಲಿಗೆ ಮಗುವನ್ನು ಹಾಕಿದ್ದಳು. ರೇನಾ ಎಂಬ ಹೆಸರು ಬಿಟ್ಟು ವಾಸೋ ಆಗಲು, ಶಿಲುಬೆಯ ಗುರುತು ಹಾಕಿಕೊಳ್ಳಲು ಮಗು ಕಲಿತಿತ್ತು. ಆದರೆ ಕೈ... ಕೈ ಮರೆತಿರಲಿಲ್ಲ!

“ನಾವು ಪೇಟೇಲಿದ್ದಾಗ ಪಕ್ಕದ ಮನೆ ಯಹೂದಿ ಹೆಂಗಸರೂ ಹೀಗೇ ನೋಡ್ತಿದ್ರಪ್ಪ,” ಎಂದಳು ಪೊಲಿಕ್ಸೇನಿ. “ಇವಳು ನಿಮ್ಮಕ್ಕನ ಮಗಳು ಅಂದಿದ್ಯಲ್ಲ, ಸ್ತಮಾತಾ? ಸಂಜೆ ನಮ್ಮಣ್ಣ ಬರ್ತಾನೆ. ಅವನನ್ನೇ ಕೇಳ್ತೀನಿ.”

ಅವಳಣ್ಣ ಜರ್ಮನರ ದುಭಾಷಿ. ಒಲೆಯ ಮುಂದೆ ಸ್ತಮಾತಾಳ ಅತ್ತೆ ಜಫೀರೋ ಕೂತಿದ್ದಳು. “ಯಾರದೋ ಪೀಡೆ ತಂದು ನನ್ನ ಮಗನ ಮನೆ ಸುಡ್ತೀಯ” ಎಂದು ದಿನಬೆಳಗಾದರೆ ಹಂಗಿಸುವ ಬಾಯಿ ಅವಳದು. ಆ ಬಾಯಿ ಈಗ ತೆರೆದರೆ...

ಸ್ತಮಾತಾ ಎದ್ದು ನಿಂತಳು. “ಅಕ್ಕನ ಮಗಳಲ್ಲ. ನನ್ನ ಮಗಳು!”

“ಏನಂದೆ?”

“ಮದುವೆಗೆ ಮುಂಚೆ ಹೆತ್ತೆ. ಯಹೂದಿಗಳ ಮನೇಲಿ ಕೆಲಸಕ್ಕಿದ್ದಾಗ. ಅವರ ಅಡಿಗೆಮನೇಲೇ ಬೆಳೆದ್ಲು, ಅವರ ಹಾಗೇ ಮೊಟ್ಟೆ ಒಡೀತಾಳೆ. ಸಾಕಾ? ಹೋಗು, ಊರಿಗೆಲ್ಲ ಡಂಗುರ ಹೊಡಿ. ನಿಮ್ಮಣ್ಣನಿಗೂ ಹೇಳು!”

ಪೊಲಿಕ್ಸೇನಿ ಮುದುಕಿಯತ್ತ ತಿರುಗಿದಳು. “ನಿಜಾನಾ, ಜಫೀರಮ್ಮ?”

ಜಫೀರೋ ಮೆಲ್ಲಗೆ ಎದ್ದು ಬಂದಳು. ಸೊಸೆಯ ಕೆನ್ನೆಗೆ ಛಟೀರನೆ ಬಾರಿಸಿದಳು. “ಮನೆ ಮಾನ ಹೋಗುತ್ತೆ ಅಂತ ಇಷ್ಟು ದಿನ ನುಂಗಿಕೊಂಡಿದ್ದೆ. ಬಾಯಿಬಿಟ್ಟೆಯಲ್ಲೇ, ನಾಚಿಕೆಗೆಟ್ಟವಳೇ!”

ರೊಟ್ಟಿ ಉಬ್ಬಿಸಲು ಕೇಳಿಕೊಂಡು ಬಂದಿದ್ದ ಹುಳಿಹಿಟ್ಟನ್ನೂ ಮರೆತು ಪೊಲಿಕ್ಸೇನಿ ಬೀದಿಗೆ ಓಡಿದಳು.

“ಜೋರಾಗಿ ಬಿತ್ತಾ?” ಮುದುಕಿ ಸೊಸೆಯ ಕೆನ್ನೆ ಮುಟ್ಟಿ ನೋಡಿದಳು.

“ಹೂಂ, ಅತ್ತೆ.”

“ಮೆಲ್ಲಗೆ ಹೊಡೆದಿದ್ರೆ ಆ ಬಜಾರಿ ನಂಬ್ತಿದ್ಲಾ? ನನ್ನ ಮಗ ಬಂದರಿನ ಕೆಲಸ ಮುಗಿಸಿ ಬಂದಾಗ ಏನು ಹೇಳ್ತೀಯೇ?”

“ನಿಜಾನೇ ಹೇಳ್ತೀನಿ. ನಂಬದೆ ನನ್ನ ಬಿಟ್ಟುಬಿಟ್ರೆ... ಬಿಡಲಿ.”

ಜಫೀರೋ ಮತ್ತೆ ಒಲೆಯ ಮುಂದೆ ಕೂತಳು. ಮೂಲೆಯಲ್ಲಿ ಸದ್ದಿಲ್ಲದೆ ಅಳುತ್ತಿದ್ದ ಮಗುವನ್ನು ಮೊದಲ ಸಲ ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು.

ಭಾನುವಾರ ಚರ್ಚಿನ ಅಂಗಳದಲ್ಲಿ ಹೆಂಗಸರು ಬಟ್ಟೆ ತಾಗೀತೆಂಬಂತೆ ಸರಿದು ನಿಂತರು. “ಕನ್ಯೆ ಥರ ಮುಸುಕು ಹಾಕ್ಕೊಂಡು ಮದುವೆ ಆದ್ಲಲ್ರೇ!” ಎಂದು ಯಾರೋ ನಕ್ಕರು.

“ತಲೆ ತಗ್ಗಿಸೇ,” ಜಫೀರೋ ಪಿಸುಗುಟ್ಟಿದಳು. “ತಪ್ಪು ಮಾಡಿದವಳ ಹಾಗೆ ಕಾಣಬೇಕು.”

ಸ್ತಮಾತಾ ಮಗುವಿನ ಕೈಯನ್ನು ಬಿಗಿಯಾಗಿ ಹಿಡಿದು, ನೆಟ್ಟಗೆ ಅವರೆಲ್ಲರ ನಡುವೆಯೇ ನಡೆದಳು.

“ತಗ್ಗಿಸಲ್ಲ, ಅತ್ತೆ!” ಅಂಗಳಕ್ಕೆಲ್ಲ ಕೇಳುವಂತೆ ಹೇಳಿದಳು. “ಹೆತ್ತ ಮಗಳಿಗಾಗಿ ನಾಚಿಕೊಳ್ಳೋ ತಾಯಿ ಎಲ್ಲಾದ್ರೂ ಇದಾಳಾ?”