‘ಐದನೆಯ ತಟ್ಟೆ’ಯನ್ನು ಅರ್ಧಕ್ಕೆ ನಿಲ್ಲಿಸಿದವನು

‘ಇಸ್ತ್ರಿ ಹಾಕ್ತಾ ಕೇಳ್ತಿದ್ದೆ. ಏಳನೇ ಅಧ್ಯಾಯ ಮುಗಿಯೋ ಹೊತ್ತಿಗೆ ನನ್ನ ಗಂಡನ ಬಿಳಿ ಶರ್ಟಿಗೆ ಬೆನ್ನಲ್ಲಿ ದೊಡ್ಡ ತೂತು. ತಪ್ಪು ನಿಮ್ದೇ ಮೇಡಂ.’

‘ಬಸ್ಸಲ್ಲಿ ಕಿರುಚಿಬಿಟ್ಟೆ. ಡ್ರೈವರ್ ಗಾಬರಿಯಾಗಿ ಬ್ರೇಕ್ ಹಾಕಿದ್ರು.’

‘ಮುಂದಿನ ವಾರ ಸರೋವರದ ಪಕ್ಕ ಕಾಟೇಜ್ ಬುಕ್ ಮಾಡಿದ್ವಿ. ಕ್ಯಾನ್ಸಲ್! ರಜೆ ಅಂದ್ರೆ ಇನ್ಮೇಲೆ ನಮ್ಮನೆ ಸೋಫಾ.’

ಸ್ಟುಡಿಯೊದ ಮೂಲೆಯ ಮೇಜಿನ ಮುಂದೆ ಕುಳಿತು ಅವಳು ಒಂದೊಂದಾಗಿ ಓದುತ್ತಾ ನಗುತ್ತಿದ್ದಳು. ಕಾದಂಬರಿಗಳನ್ನು ಮೈಕಿನ ಮುಂದೆ ಓದಿ ಧ್ವನಿಪುಸ್ತಕ ಮಾಡುವುದು ಅವಳ ಕೆಲಸ. ಎಂಟು ವರ್ಷದಿಂದ ಗಾಜಿನ ಆ ಸಣ್ಣ ಕೋಣೆಯೊಳಗೆ ಒಬ್ಬಳೇ ಕುಳಿತು ಓದಿದ್ದಾಳೆ. ಕೇಳಿದವರ ಮುಖವನ್ನು ಮಾತ್ರ ಒಮ್ಮೆಯೂ ಕಂಡವಳಲ್ಲ.

ಈ ಸಲದ್ದು ‘ಐದನೆಯ ತಟ್ಟೆ’ ಎಂಬ ಭಯಾನಕ ಕಾದಂಬರಿ. ಗಂಡ, ಹೆಂಡತಿ, ಇಬ್ಬರು ಮಕ್ಕಳು ರಜೆ ಕಳೆಯಲು ದೋಣಿಯಲ್ಲಿ ಒಂದು ದ್ವೀಪದ ಮನೆಗೆ ಹೋಗುತ್ತಾರೆ. ಊಟದ ಮೇಜಿನ ಮೇಲೆ ದಿನವೂ ಐದು ತಟ್ಟೆ. ತೆಗೆದಿಟ್ಟರೂ ಐದು, ಒಡೆದು ಹಾಕಿದರೂ ಐದು. ಬಿಡುಗಡೆಯಾಗಿ ಹತ್ತು ದಿನಕ್ಕೇ ಕೇಳುಗರ ಪ್ರತಿಕ್ರಿಯೆ ರಾಶಿ ಬಿದ್ದಿತ್ತು. ಮಧ್ಯಾಹ್ನ ಒಂದು ಗಂಟೆ ಕೂತು ಉತ್ತರ ಬರೆಯಬೇಕೆಂದು ಸ್ಟುಡಿಯೊದ ಯಜಮಾನರ ಅಪ್ಪಣೆ.

ಹಾಗೆ ಓದುತ್ತಾ ಹೋದವಳ ಕೈ ಒಂದು ಕಡೆ ನಿಂತಿತು.

‘ಹನ್ನೊಂದನೇ ಅಧ್ಯಾಯದಿಂದ ನಿಮ್ಮ ದನಿಯಲ್ಲಿ ಎಲ್ಲೋ ಗಾಳಿ ಸೋರ್ತಿದೆ. ಅಲ್ಲಿಗೇ ಕೇಳೋದು ನಿಲ್ಲಿಸಿದೀನಿ. ದಯವಿಟ್ಟು ಗಂಟಲು ತೋರಿಸಿ.’ ಬರೆದವನ ಹೆಸರಿನ ಜಾಗದಲ್ಲಿ ‘ಪಂಪ್ ಮೆಕ್ಯಾನಿಕ್’ ಎಂದಷ್ಟೇ ಇತ್ತು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆ ಉಸಿರಿನ ನಡುಕವನ್ನೇ ಮಿಕ್ಕವರೆಲ್ಲ ಕೊಂಡಾಡಿದ್ದರು!

‘ಸೋರೋದಕ್ಕೆ ನಾನೇನು ನಲ್ಲಿಯೇ? ಅದನ್ನ ಅಭಿನಯ ಅಂತಾರೆ ಸರ್’ ಎಂದು ಕುಟ್ಟಿದಳು.

ಐದೇ ನಿಮಿಷಕ್ಕೆ ಉತ್ತರ ಬಂತು. ‘ಹೆದರೋ ಜಾಗದಲ್ಲಿ ಮಾತ್ರ ಸೋರಿದ್ರೆ ನಾನೂ ಹಾಗೇ ಅಂದ್ಕೋತಿದ್ದೆ. ತಾಯಿ ಮಕ್ಕಳಿಗೆ ತಲೆ ಬಾಚ್ತಾ ನಗ್ತಾಳಲ್ಲ, ಅಲ್ಲೂ ಸೋರ್ತಿದೆ. ತಪ್ಪಾಗಿದ್ರೆ ಕ್ಷಮಿಸಿ. ಸರಿಯಾಗಿದ್ರೆ ತಡ ಮಾಡ್ಬೇಡಿ.’

ಅವಳು ಎದ್ದು ಹೋಗಿ ರೆಕಾರ್ಡಿಸ್ಟಿಗೆ ಹೇಳಿ ಆ ಭಾಗ ಹಾಕಿಸಿದಳು. ಒಂದು ಸಲ, ಎರಡು ಸಲ. ಮೂರನೆಯ ಸಲಕ್ಕೆ ಅವಳಿಗೇ ಕೇಳಿಸಿತು. ಪ್ರತಿ ವಾಕ್ಯದ ಕೊನೆಗೆ, ಮುಚ್ಚದ ಕಿಟಕಿಯ ಸಂದಿನಿಂದ ಬಂದಂಥ ಒಂದು ಸಣ್ಣ ಸುಂಯ್.

“ಇದು ನಿನಗೆ ಮೊದ್ಲೇ ಗೊತ್ತಿತ್ತಾ?” ಎಂದಳು.

ರೆಕಾರ್ಡಿಸ್ಟ್ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. “ನಾನೂ ಅಭಿನಯ ಅಂದ್ಕೊಂಡಿದ್ದೆ ಕಣೇ.”

ಅವಳು ಆಗಲೇ ಅಕ್ಕನಿಗೆ ಫೋನ್ ಮಾಡಿದಳು.

ಡಾಕ್ಟರು ಮೂಗಿನಿಂದ ತೆಳ್ಳಗಿನ ಕೊಳವೆ ಇಳಿಸಿ ಪರದೆಯ ಮೇಲೆ ತೋರಿಸಿದರು. ದನಿ ಹೊರಡಿಸುವ ಎರಡು ಬಿಳಿ ಎಳೆಗಳ ನಡುವೆ ಜೋಳದ ಕಾಳಿನಷ್ಟು ಗಂಟು. “ತೆಗೆದು ಪರೀಕ್ಷೆಗೆ ಕಳಿಸ್ಬೇಕು. ಆಮೇಲೆ ಎರಡು ವಾರ ಒಂದಕ್ಷರ ಮಾತಾಡೋ ಹಾಗಿಲ್ಲ, ಪಿಸುಮಾತೂ ಇಲ್ಲ. ದನಿ ಮೊದಲಿನ ಹಾಗೇ ಬರುತ್ತೆ ಅಂತ ನಾನು ಮಾತು ಕೊಡಲ್ಲಮ್ಮ.”

ಜೊತೆಗೆ ಬಂದಿದ್ದ ಅಕ್ಕ ಅಲ್ಲೇ ಬಾಯಿಗೆ ಸೆರಗು ಒತ್ತಿಕೊಂಡಳು. ತಂಗಿಗೆ ಅಳುವೂ ಬರಲಿಲ್ಲ. ಹೊರಗೆ ಬೆಂಚಿನ ಮೇಲೆ ಕುಳಿತು ಫೋನ್ ತೆಗೆದು, ಮುಖ ನೋಡದ ಆ ಮನುಷ್ಯನಿಗೆ ಬರೆದಳು: ‘ಗಂಟು ಇದೆ. ನೀವು ಹೇಳಿದ್ದು ಸರಿ.’

ಸಂಜೆಗೆ ಉತ್ತರ ಬಂತು: ‘ಸುಳ್ಳಾಗ್ಲಿ ಅಂತ ಬೇಡ್ಕೊಂಡಿದ್ದೆ.’

ಆಪರೇಷನ್ನಿನ ಹಿಂದಿನ ದಿನ ಅವಳು ಅವನನ್ನು ಹುಡುಕಿಕೊಂಡು, ತನ್ನ ಕೆಲಸದ ಜಾಗವೆಂದು ಅವನು ಸಂದೇಶದಲ್ಲಿ ಬರೆದಿದ್ದ ನೀರು ಸರಬರಾಜಿನ ಪಂಪ್ ಮನೆಗೆ ಹೋದಳು. ಆರು ದೊಡ್ಡ ಪಂಪುಗಳು ಗುಡುಗುತ್ತಿದ್ದವು. ನೀಲಿ ಅಂಗಿಯ ಎತ್ತರದ ಆಸಾಮಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಆಲಿಸುತ್ತಿದ್ದ. ಕಣ್ಣು ಬಿಟ್ಟವನು ಅವಳನ್ನು ಕಂಡು ಹೊರಗೆ ಕರೆದುಕೊಂಡು ಬಂದ.

“ಯಾರು ಬೇಕಿತ್ತು?”

“ನಾನು... ಸೋರೋ ನಲ್ಲಿ.”

ಅವನ ಮುಖ ಕಿವಿಯವರೆಗೆ ಕೆಂಪಾಯಿತು. ಕೈಗೆ ಮೆತ್ತಿದ್ದ ಗ್ರೀಸನ್ನು ಒರೆಸುವ ನೆಪದಲ್ಲಿ ತಲೆ ತಗ್ಗಿಸಿದ. “ಹಾಗೆ ಬರೀಬಾರದಿತ್ತು. ಯಂತ್ರದ ಜೊತೆ ಇದ್ದು ಇದ್ದು ಬೇರೆ ಮಾತು ಬರಲ್ಲ ನನಗೆ.”

“ಬೇರೆ ಮಾತಲ್ಲಿ ಬರೆದಿದ್ರೆ ನಾನು ಡಾಕ್ಟರ ಹತ್ರ ಹೋಗ್ತಿರಲಿಲ್ಲ. ನೀವು ಯಾಕೆ ಪುಸ್ತಕ ಅರ್ಧಕ್ಕೆ ನಿಲ್ಲಿಸಿದ್ದು?”

“ನೋವಿರೋ ಗಂಟಲಲ್ಲಿ ಯಾರೋ ನನಗೋಸ್ಕರ ಕೂಗ್ತಿದ್ದಾರೆ ಅನ್ನಿಸ್ತು. ಕೇಳೋಕಾಗ್ಲಿಲ್ಲ.” ಆಮೇಲೆ ನಕ್ಕ. “ಜೊತೆಗೆ ಕೂತು ಕೇಳ್ತಿದ್ದ ಅಮ್ಮನಿಗೆ ಮಾತ್ರ ಸಿಟ್ಟು ಇಳಿದಿಲ್ಲ. ಕಣ್ಣು ಮಂಜಾಗಿದೆ ಅವರಿಗೆ, ಓದೋಕಾಗಲ್ಲ. ಐದನೇ ತಟ್ಟೆ ಯಾರದ್ದು ಅಂತ ಗೊತ್ತಾಗೋವರೆಗೂ ನನ್ನ ಹತ್ರ ಮಾತಿಲ್ಲ ಅಂದಿದ್ದಾರೆ.”

ಅವಳು ನಕ್ಕಳು. ನಗು ಕೆಮ್ಮಿಗೆ ತಿರುಗಿತು. ಅವನು ಗಾಬರಿಯಿಂದ ಅರ್ಧ ಹೆಜ್ಜೆ ಮುಂದೆ ಬಂದು, ಗ್ರೀಸಿನ ಕೈ ನೆನಪಾಗಿ ಅಲ್ಲೇ ನಿಂತ. ಆ ಅರ್ಧ ಹೆಜ್ಜೆ ಆಪರೇಷನ್ ಕೋಣೆಯ ಬಾಗಿಲವರೆಗೂ ಅವಳ ಜೊತೆಗಿತ್ತು.

ಮೌನದ ಮೂರನೆಯ ದಿನ ಅವನು ಅಮ್ಮನನ್ನು ಕರೆದುಕೊಂಡು, ಅವಳಿದ್ದ ಅಕ್ಕನ ಮನೆಗೆ ಬಂದ. ಅಮ್ಮ ಅವಳ ಎರಡೂ ಕೆನ್ನೆಯನ್ನು ತಡವಿ ನೋಡಿದರು. “ಇಷ್ಟು ಪುಟ್ಟ ಹುಡುಗಿಯೇನೇ ನನ್ನ ಎದೆ ನಡುಗಿಸಿದ್ದು? ಆ ದ್ವೀಪದ ಹಾಳು ಮನೆಗೆ ಹೋಗಿ ಅಂತ ಅವರಿಗೆ ಹೇಳಿದ್ಯಾರು? ಮನೇಲಿ ತಣ್ಣಗೆ ಇದ್ದಿದ್ರೆ ಆಗ್ತಿರಲಿಲ್ವಾ?”

ಅವಳು ಒಳಗಿನಿಂದ ಪುಸ್ತಕ ತಂದು ಹನ್ನೊಂದನೇ ಅಧ್ಯಾಯ ತೆರೆದು ಅವನ ಮುಂದೆ ಹಿಡಿದಳು.

“ನಾನಾ? ಓದೋದಾ?” ಅವನು ಕಂಗಾಲಾದ. “ಅಮ್ಮ, ನೀನಾದ್ರೂ ಹೇಳು.”

“ಓದೋ. ಬೇಸರ ಆದ್ರೆ ನಿದ್ದೆ ಮಾಡ್ತೀನಿ.”

ಅಂದಿನಿಂದ ದಿನವೂ ಸಂಜೆ ಕೆಲಸ ಮುಗಿಸಿ, ಅಮ್ಮನನ್ನು ಕರೆದುಕೊಂಡು ಅವನು ಬಂದ. ಅವನಷ್ಟು ಕೆಟ್ಟದಾಗಿ ಓದುವವರನ್ನು ಅವಳು ಕಂಡಿರಲಿಲ್ಲ. ‘ಬಾಗಿಲು. ತಾನಾಗಿ. ತೆರೆಯಿತು’ ಎಂದು ಪಂಪಿನ ಕೈಪಿಡಿ ಓದಿದಂತೆ ಓದುತ್ತಿದ್ದ. ಅವಳು ಚೀಟಿಯಲ್ಲಿ ‘ನಿಧಾನ!’ ಎಂದು ಬರೆದು ತೋರಿಸಿದರೆ ಅಕ್ಷರ ಅಕ್ಷರವಾಗಿ ಎಳೆಯುತ್ತಿದ್ದ. ‘ಇಲ್ಲಿ ಪಿಸುಗುಟ್ಟಬೇಕು’ ಎಂದು ಬರೆದರೆ, ಪಿಸುಮಾತು ಬಾರದೆ ಕೆಮ್ಮುತ್ತಿದ್ದ. ಅವಳು ನಗುವ ಹಾಗಿಲ್ಲ. ಬಾಯಿಗೆ ದಿಂಬು ಒತ್ತಿಕೊಂಡು ಕಣ್ಣಲ್ಲಿ ನೀರು ಬರುವವರೆಗೆ ಅಲುಗುತ್ತಿದ್ದಳು. ಅವನು ಪುಟದ ಅಂಚಿನ ಮೇಲಿಂದ ಅವಳನ್ನು ಒಂದು ಕ್ಷಣ ನೋಡಿ, ಸಾಲು ತಪ್ಪಿ, ಓದಿದ್ದನ್ನೇ ಮತ್ತೆ ಓದುತ್ತಿದ್ದ.

“ದೋಣಿ ದಡಕ್ಕೆ ಬಂದು ಆಗ್ಲೇ ಮೂರು ಸಲ ಆಯ್ತು” ಎನ್ನುತ್ತಿದ್ದರು ಅಮ್ಮ.

ಹನ್ನೊಂದನೆಯ ಸಂಜೆ ಕೊನೆಯ ಅಧ್ಯಾಯ. ಮತ್ತೆ ಮಕ್ಕಳ ತಲೆ ಬಾಚಿದ ತಾಯಿ ಬಾಚಣಿಗೆಯನ್ನು ಚೀಲಕ್ಕೆ ಹಾಕಲು ಹೋಗುತ್ತಾಳೆ. ಚೀಲದ ತಳದಲ್ಲಿ ಪುಟ್ಟ ಹಳದಿ ಲಂಗ ಸಿಗುತ್ತದೆ. ಆ ಇಬ್ಬರಲ್ಲಿ ಯಾವ ಮಗುವಿಗೂ ಆಗದಷ್ಟು ಪುಟ್ಟದು.

ಅವನು ಮುಂದಿನ ಸಾಲನ್ನು ಕಣ್ಣಿನಿಂದಲೇ ಓದಿದ. ಮುಖದ ರಕ್ತವೆಲ್ಲ ಇಳಿದುಹೋಯಿತು.

“ಏನೋ ಅದು? ಓದೋ!” ಅಮ್ಮ ಅವನ ಮೊಣಕಾಲು ಅಲುಗಿಸಿದರು.

“ಅಮ್ಮ... ಆ ತಟ್ಟೆ ದೆವ್ವದ್ದಲ್ಲ.” ಅವನ ತುಟಿ ಅದುರುತ್ತಿತ್ತು. “ಅವಳಿಗೆ ಮೂರು ಮಕ್ಕಳು. ಬರುವಾಗ ಚಿಕ್ಕದು ದೋಣಿಯಿಂದ ನೀರಿಗೆ ಬಿತ್ತು. ಆ ಮನೆ ಎಲ್ಲರಿಗೂ ಅದನ್ನ ಮರೆಸಿಬಿಟ್ಟಿದೆ. ತಾಯಿಗೂ.”

ಅಡುಗೆಮನೆಯಿಂದ ಬಂದ ಅಕ್ಕ ಟೀ ತಟ್ಟೆ ಹಿಡಿದವಳು ಹಿಡಿದಂತೆಯೇ ನಿಂತಳು. ಅವನು ಪುಸ್ತಕವನ್ನು ಮಡಿಲಲ್ಲಿ ಮಗುಚಿ, ಅದರ ಬೆನ್ನ ಮೇಲೆ ಅಂಗೈ ಇಟ್ಟ.

ಎಂಟು ವರ್ಷ ಗಾಜಿನ ಕೋಣೆಯಲ್ಲಿ ಅವಳು ಊಹಿಸಿಕೊಂಡೇ ಓದಿದ್ದ ಮುಖ ಇದು. ಕಥೆಯೊಂದು ಒಬ್ಬ ಮನುಷ್ಯನನ್ನು ಹೀಗೆ ಹೊಡೆಯುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಆ ಕ್ಷಣ ಅವನ ಹೆಸರು ಕೂಗಬೇಕೆನ್ನಿಸಿತು. ಕೂಗುವ ಹಾಗಿರಲಿಲ್ಲ. ಚೀಟಿ ತೆಗೆದುಕೊಂಡಳು, ಏನೂ ಬರೆಯಲಾರದೆ ಮಡಚಿ ಮುಷ್ಟಿಯಲ್ಲಿ ಇಟ್ಟುಕೊಂಡಳು.

ಹದಿನೈದನೆಯ ದಿನ ಬೆಳಿಗ್ಗೆ ಡಾಕ್ಟರು ವರದಿ ನೋಡಿ ನಕ್ಕರು. “ಭಯ ಪಡೋ ಅಂಥದ್ದೇನಿಲ್ಲ. ಇನ್ನಾರು ತಿಂಗಳು ಬಿಟ್ಟಿದ್ರೆ ಹೀಗೆ ಹೇಳ್ತಿದ್ನೋ ಇಲ್ವೋ. ಎಲ್ಲಿ, ಒಂದು ಮಾತು ಆಡಿ.”

“ಅಕ್ಕ” ಎಂದಳು.

ಅಕ್ಕತಂಗಿ ಇಬ್ಬರೂ ಬೆಚ್ಚಿದರು. ಅದು ಅವಳ ದನಿಯಾಗಿರಲಿಲ್ಲ. ಒರಟಾದ, ತಗ್ಗಿನ, ಮರಳಿನ ಮೇಲೆ ಏನನ್ನೋ ಎಳೆದಂಥ ದನಿ. ಇನ್ನೂ ಸುಧಾರಿಸುತ್ತದೆ, ಆದರೆ ಹಳೆಯದು ಬರುವುದಿಲ್ಲ ಎಂದರು ಡಾಕ್ಟರು.

ಆ ದಿನದಿಂದ ಅವನ ಸಂದೇಶಗಳಿಗೆ ಅವಳು ಉತ್ತರ ಕೊಡಲಿಲ್ಲ. ಮನೆಗೆ ಬರುವುದು ಬೇಡ ಎಂದು ಅಕ್ಕನಿಂದ ಹೇಳಿಸಿದಳು. ಅವನು ಕೇಳಿ ಮೆಚ್ಚಿದ್ದೇ ಆ ದನಿಯನ್ನು. ಅದೇ ಇಲ್ಲದ ಮೇಲೆ ಯಾವ ಬಾಯಲ್ಲಿ ಮಾತಾಡುವುದು? ಹತ್ತು ದಿನ ಹೀಗೇ ಕಳೆಯಿತು. ಹನ್ನೊಂದನೆಯ ದಿನ ಅಕ್ಕನಿಗೆ ಸಹನೆ ಕೆಟ್ಟಿತು. “ಅವರ ಅಮ್ಮ ಫೋನ್ ಮಾಡಿದ್ರು. ಮಗ ಸರಿಯಾಗಿ ಊಟ ಮಾಡ್ತಿಲ್ವಂತೆ. ಹೋಗಿ ಬೇಡ ಅನ್ನೋದನ್ನಾದ್ರೂ ಬಾಯ್ಬಿಟ್ಟು ಹೇಳಿ ಬಾ.”

ಅವಳು ಹೋಗಿ ಅವನ ಮನೆಯ ಬಾಗಿಲು ತಟ್ಟಿದಳು.

“ಯಾರು?” ಒಳಗಿನಿಂದ ಅಮ್ಮ.

“ನಾನು, ಅಮ್ಮ.”

“ನಾನು ಅಂದ್ರೆ ಯಾರಮ್ಮ? ಗೊತ್ತಾಗ್ಲಿಲ್ಲ.”

ಅವಳ ಕಣ್ಣು ತುಂಬಿತು. ಹಿಂದಿರುಗಿ ಎರಡು ಮೆಟ್ಟಿಲು ಇಳಿದಿದ್ದಳು. ಬಾಗಿಲು ತೆರೆದುಕೊಂಡಿತು. ಕ್ಷೌರ ಕಾಣದ ಮುಖ, ಗುಂಡಿ ತಪ್ಪಿ ಹಾಕಿದ ಅಂಗಿ. ಅವನು ಬರಿಗಾಲಲ್ಲೇ ಹೊಸ್ತಿಲು ದಾಟಿ ಬಂದ.

“ಕೇಳಿದ್ರಲ್ಲ?” ಎಂದಳು ಗೋಡೆಯ ಕಡೆ ಮುಖ ಮಾಡಿ. “ಇದೇ ಇನ್ಮೇಲೆ. ನೀವು ಮೆಚ್ಚಿದ್ದು ಹೋಯ್ತು.”

ಅವನಿಗೆ ಸಿಟ್ಟೇ ಬಂತು. “ಇದಕ್ಕಾ ಹತ್ತು ದಿನ ನನ್ನ ಸಾಯಿಸಿದ್ದು? ರೀ, ಎರಡು ವಾರ ನಿಮ್ಮ ಎದುರು ಕೂತಿದ್ನಲ್ಲ, ಆಗ ನಿಮ್ಮ ದನಿ ಎಲ್ಲಿತ್ತು? ಒಂದು ಮಾತಾದ್ರೂ ಆಡಿದ್ರಾ? ನನಗೆ ಆಗಬೇಕಾದ್ದು ಎಲ್ಲ ಆ ಎರಡು ವಾರದಲ್ಲೇ ಆಗಿಹೋಯ್ತು!”

ಅವಳು ಮೆಲ್ಲಗೆ ತಿರುಗಿದಳು. “ಏನು ಆಗಿಹೋಗಿದ್ದು?”

ಅವನ ಕಿವಿ ಕೆಂಪಾಯಿತು.

“ಹೇಳೋ!” ಎಂದರು ಬಾಗಿಲಲ್ಲಿ ನಿಂತ ಅಮ್ಮ. “ಹೇಳದೆ ಹೋದ್ರೆ ನಾನೇ ಹೇಳ್ತೀನಿ.”

“ನೀವಿಲ್ಲದೆ ನನಗೆ ಆಗಲ್ಲ” ಎಂದ. ಪಿಸುಮಾತು ಬಾರದ ಮನುಷ್ಯ, ಬೀದಿಗೆಲ್ಲ ಕೇಳುವಂತೆ ಹೇಳಿದ. ಎದುರುಮನೆಯ ಕಿಟಕಿಯೊಂದು ತೆರೆದುಕೊಂಡಿತು. “ಮದುವೆ ಆಗ್ತೀರಾ ನನ್ನ?”

ಅವಳು ಎರಡು ಮೆಟ್ಟಿಲನ್ನೂ ಹತ್ತಿ ಬಂದು ಅವನ ಅಂಗಿಯ ತಪ್ಪಿದ ಗುಂಡಿಯನ್ನು ಬಿಚ್ಚಿ ಸರಿಯಾಗಿ ಹಾಕಿದಳು. ಆಮೇಲೆ ತನ್ನ ಆ ಒರಟು ದನಿಯಲ್ಲಿ, ಅವನಿಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದಳು:

“ಆಗ್ತೀನಿ. ಮೊದ್ಲು ಆ ‘ನೀವು’ ಅನ್ನೋದನ್ನ ಬಿಡು.”