'ಮೂಲ' ಅಂತ ಬರೆದವರು ಯಾರು?

"ಇನ್ನು ಮೇಲೆ ನಾವು ಸಿಗೋದು ಬೇಡ," ಅಂದುಬಿಟ್ಟ ಬನ್ನು, ಲ್ಯಾಬಿನ ಬಾಗಿಲಲ್ಲೇ ನಿಂತು.

ಬನ್ನು ಅಂದ್ರೆ ಎದುರು ಬೀದಿಯ ಬೇಕರಿಯವನು. ಪ್ರೀತಿಯಿಂದ ಆ ಹೆಸರಿಟ್ಟವಳು ಲ್ಯಾಬಿನೊಳಗೆ ಕೂತಿದ್ದ ಇವಳೇ. ಎಚ್‌ಐವಿ ವೈರಸ್ಸಿನ ಜೀನ್‌ಗಳನ್ನು ಅಕ್ಷರ ಅಕ್ಷರವಾಗಿ ಓದೋದು ಇವಳ ಕೆಲಸ. ತನಗೆ ಎಚ್‌ಐವಿ ಇದೆ ಅಂತ ಅವನು ಶುರುವಲ್ಲೇ ಹೇಳಿದ್ದ. ಮಾತ್ರೆ ತಪ್ಪಿಸದೆ ನುಂಗಿ, ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿಸಿಕೊಂಡಿದ್ದ. ಅಂಥವನ ಜೊತೆ ಸಂಸಾರ ಮಾಡಿದರೂ ಅಂಟಲ್ಲ ಅಂತ ಇವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಯಾಕಂತೆ?"

"ಮಹಡಿ ಮೇಲಿನ ಹೆಲ್ತ್ ಆಫೀಸರ್ ಕರೆಸಿದ್ರು. ಮಾತ್ರೆ ಶುರು ಮಾಡೋ ಮುಂಚೆ ಕೊಟ್ಟ ರಕ್ತ ಇತ್ತಲ್ಲ, ಅದರ ವೈರಸ್ಸೂ ಈ ಏರಿಯಾದ ಇನ್ನೂ ಕೆಲವರದ್ದೂ ಒಂದೇ ಥರ ಇದ್ಯಂತೆ. ಯಾರ ವೈರಸ್ ಯಾರದಕ್ಕೆ ಹತ್ತಿರ ಅಂತ ಚುಕ್ಕೆ ಇಟ್ಟು ತೋರಿಸೋ ನಕ್ಷೆಯಲ್ಲಿ ನನ್ನ ಚುಕ್ಕೆ ಮೇಲೆ 'ಮೂಲ' ಅಂತ ಬರೆದಿದಾರೆ. ಎಲ್ಲರಿಗೂ ಹಚ್ಚಿದವನು ನಾನೇ ಕಣೇ."

ಇವಳಿಗೆ ಮೈಯೆಲ್ಲಾ ಉರಿದುಹೋಯ್ತು. ಯಾರ ಹೆಸರೂ ಗೊತ್ತಿಲ್ಲದೆ ಆ ಚುಕ್ಕೆಗಳನ್ನ ಪಕ್ಕಪಕ್ಕ ಕೂರಿಸಿದವಳು ಇವಳೇ. 'ಮೂಲ' ಅನ್ನೋ ಪದ ಮಾತ್ರ ಇವಳದಲ್ಲ.

"ಲೋ, ನಿನಗೂ ನಿಮ್ಮಣ್ಣನಿಗೂ ಮೂಗು ಒಂದೇ ಥರ ಇದೆ. ಹಂಗಂತ ನಿಮ್ಮಣ್ಣ ನಿನ್ನ ಹೆತ್ತನೇನೋ?"

ಅಳು ಬರೋ ಹೊತ್ತಲ್ಲಿ ಅವನಿಗೆ ನಗು ಬಂತು. ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ. ಇಷ್ಟು ಸಿಟ್ಟಲ್ಲೂ ಅದನ್ನ ನೋಡದೆ ಇರೋಕೆ ಇವಳಿಂದ ಆಗಲಿಲ್ಲ, ಹಾಳಾದ್ದು!

"ವೈರಸ್ಸುಗಳು ಹತ್ತಿರದ ಸಂಬಂಧಿಗಳು, ಅಷ್ಟೇ. ಯಾರಿಂದ ಯಾರಿಗೆ ಅಂತ ಅದು ಹೇಳಲ್ಲ. ಮಧ್ಯೆ ಪರೀಕ್ಷೆನೇ ಮಾಡಿಸದವರು ಎಷ್ಟು ಜನ ಇದಾರೋ! ನಡಿ."

ಅವನ ಕೈ ಹಿಡಿದು ದರದರ ಎಳೆದುಕೊಂಡೇ ಮಹಡಿ ಹತ್ತಿ ಆಫೀಸರ್ ಕೋಣೆಗೆ ನುಗ್ಗಿದಳು.

"ಸರ್, ಆ ಪದ ಅಳಿಸಿ. ಅಲ್ಲೀತನಕ ಆ ರಿಪೋರ್ಟಿಗೆ ನಾನು ಸಹಿ ಹಾಕಲ್ಲ."

"ಏನಮ್ಮಾ, ಜನ ಕೇಳಿದ್ರೆ ಯಾರನ್ನಾದ್ರೂ ತೋರಿಸಬೇಡ್ವಾ?"

"ಜನಕ್ಕೆ ಟೆಸ್ಟ್ ಮಾಡಿಸಿ, ಮಾತ್ರೆ ಕೊಡಿ. ಒಬ್ಬನ ತಲೆಗೆ ಕಟ್ಟಿ ಕೈ ತೊಳ್ಕೋಬೇಡಿ. ನನ್ನ ಮೇಲೆ ಅನುಮಾನ ಇದ್ರೆ ಬೇರೆ ಲ್ಯಾಬಿನವರನ್ನ ಕೇಳಿ, ಅವರೂ ಇದನ್ನೇ ಹೇಳ್ತಾರೆ."

ಇಬ್ಬರೂ ಬಿಡದೆ ಹಿಡಿದಿದ್ದ ಕೈಗಳನ್ನೇ ಆಫೀಸರ್ ನೋಡಿದರು. "ಇವನು ನಿನಗೆ ಏನಾಗಬೇಕು?"

"ಗಂಡ ಆಗಬೇಕು."

ಬನ್ನು ಬೆಚ್ಚಿಬಿದ್ದ. "ನನ್ನ ಕೇಳೇ ಇಲ್ವಲ್ಲೇ!"

"ಈಗ ಕೇಳ್ತಿದೀನಿ. ನಂಗೆ ನೀನೇ ಬೇಕು. ಆಗ್ತೀಯೋ ಇಲ್ವೋ?"

ಅವನು ಕಣ್ಣೊರೆಸಿಕೊಂಡ. ಒಂದು ಕುರ್ಚಿ ಎಳೆದು ಅವಳನ್ನ ಕೂರಿಸಿದ, ಇನ್ನೊಂದರಲ್ಲಿ ತಾನೂ ಕೂತ. ಒಳಗೆ ಬಂದಾಗಿನಿಂದ ನೆಲ ನೋಡ್ತಿದ್ದವನು ಈಗ ತಲೆಯೆತ್ತಿ ಆಫೀಸರನ್ನ ನೇರವಾಗಿ ನೋಡಿದ.

"ಆಗ್ತೀನಿ. ನೀವು ಅಳಿಸಿ ಸರ್, ನಾವು ಕಾಯ್ತೀವಿ."